ಸೊಟ್ಟ ಮನೆಗೆ ನೆಟ್ಟನೆಯ ಕೋಣೆ

ಹಳೆಯ ಮನೆಗೆ ಒಂದು ಕೋಣೆ ಸೇರಿಸಿದಾಗ ಗೋಡೆ, ತಾರಸಿ, ಗಿಲಾವುಗಳನ್ನು ಮೇಸ್ತ್ರಿಗೆ ಬಿಟ್ಟು, ಒಳಗಿನ ಉಳಿದ ಕೆಲಸವನ್ನು ನಾನೇ ಹಚ್ಚಿಕೊಂಡೆ. ಪುಟ್ಟಿ, ಬಣ್ಣ, ನೆಲದ ಟೈಲ್ಸ್, ಬಾಗಿಲು, ಗೋಡೆಯ ಬುಡಕ್ಕೆ ಹೊಡೆಯುವ ಸ್ಕರ್ಟಿಂಗ್ ಪಟ್ಟಿ ಇವು ಬಿಡಿಬಿಡಿಯಾಗಿ ನೋಡಿದರೆ ಅಂಥ ಕಷ್ಟದವೇನಲ್ಲ. ಹೊಸದಾಗಿ ಕಟ್ಟಿದ ಮನೆಯಲ್ಲಾದರೆ ರಸಮಟ್ಟವೂ ತೂಗುಗುಂಡೂ ಹೇಳಿದಂತೆ ಕೇಳಿದರೆ ಮುಗಿಯಿತು. ಹಳೆಯದಕ್ಕೆ ಅಂಟಿಕೊಂಡ ಕೋಣೆಯ ಕಥೆಯೇ ಬೇರೆ. ಹಳೆಯ ಗೋಡೆ ನೆಟ್ಟಗಿರುವುದಿಲ್ಲ, ನೆಲ ಮಟ್ಟವಾಗಿರುವುದಿಲ್ಲ, ಮೂಲೆಗೆ ಮೂಲೆಮಟ್ಟ ಹಿಡಿದರೆ ಆಚೆ ತುದಿಯಲ್ಲಿ ಬೆಳಕು ಇಣುಕುತ್ತದೆ. ಹೊಸದನ್ನು ಲೆಕ್ಕಕ್ಕೆ ಸರಿಯಾಗಿ ಮಾಡಿದಷ್ಟೂ ಹಳೆಯದರ ಸೊಟ್ಟು ಎದ್ದು ಕಾಣುತ್ತದೆ. ಆದ್ದರಿಂದ ಆ ವ್ಯತ್ಯಾಸವನ್ನು ಎಲ್ಲಿ ಅಡಗಿಸಬೇಕು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಗೊತ್ತುಮಾಡಿಕೊಂಡೆ.

ಅದಕ್ಕೆ ಬೇಕಾದದ್ದು ಒಂದು ಮಟ್ಟದ ಗೆರೆ. ಪಾರದರ್ಶಕ ಪೈಪಿಗೆ ನೀರು ತುಂಬಿಸಿ, ಒಳಗೆ ಒಂದು ಗಾಳಿಗುಳ್ಳೆಯೂ ಉಳಿಯದಂತೆ ತಟ್ಟಿ ಹೊರಗೆ ಬಿಟ್ಟೆ. ಗುಳ್ಳೆ ಉಳಿದರೆ ಪೈಪು ಸುಳ್ಳು ಹೇಳುತ್ತದೆ. ಬಾಗಿಲ ಬಳಿ ಹಳೆಯ ನೆಲದಿಂದ 1 ಮೀಟರ್ ಎತ್ತರದಲ್ಲಿ ಗುರುತು ಹಾಕಿ, ಅದೇ ಮಟ್ಟವನ್ನು ಹಳೆಯ ಕೋಣೆಗೂ ಹೊಸ ಕೋಣೆಗೂ ಸುತ್ತ ಒಯ್ದು, ಬಣ್ಣದ ದಾರ ಎಳೆದು ಗೆರೆ ಹೊಡೆದೆ. ಆಮೇಲೆ ಕಿಟಕಿ, ಸ್ವಿಚ್ಚು, ಕಪಾಟು, ಟೈಲ್ಸ್ ಯಾವುದನ್ನೂ ನೆಲದಿಂದ ಅಳೆಯಲಿಲ್ಲ, ಈ ಗೆರೆಯಿಂದಲೇ ಅಳೆದೆ. ಗೆರೆಯಿಂದ ಕೆಳಕ್ಕೆ ಟೇಪು ಬಿಟ್ಟು ನೋಡಿದರೆ ಹಳೆಯ ನೆಲ ಒಂದು ಗೋಡೆಯಿಂದ ಇನ್ನೊಂದಕ್ಕೆ 12 ಮಿ.ಮೀ. ಇಳಿದಿತ್ತು. ಹೊಸ ನೆಲವನ್ನೂ ಹಾಗೆಯೇ ಇಳಿಜಾರು ಮಾಡುವ ಅಗತ್ಯವಿಲ್ಲ. ಎರಡೂ ಕೋಣೆಗಳನ್ನು ಕಾಲು ಒಟ್ಟಿಗೆ ಅರಿಯುವುದು ಬಾಗಿಲಲ್ಲಿ ಮಾತ್ರ. ಅಲ್ಲಿನ ಎತ್ತರವನ್ನು ಹಿಡಿದು ಹಿಮ್ಮುಖವಾಗಿ ಲೆಕ್ಕ ಹಾಕಿದೆ. ಟೈಲ್ಸ್ 9 ಮಿ.ಮೀ., ಅಂಟು 5 ಮಿ.ಮೀ., ಅಂದರೆ ಕಾಂಕ್ರೀಟ್ ಹಾಸು 14 ಮಿ.ಮೀ. ಕೆಳಗೆ ನಿಲ್ಲಬೇಕು. ಹಾಸು ಹಾಕಿದ ಮೇಲೆ ಈ ಲೆಕ್ಕ ಮಾಡಿ ಪ್ರಯೋಜನವಿಲ್ಲ.

ಹಳೆ ಗೋಡೆ ಹೊಸ ಗೋಡೆಯನ್ನು ಕೂಡುವ ಜಾಗದ ಬಗ್ಗೆ ತುಸು ಹೆಚ್ಚೇ ಹೇಳಬೇಕು. ಹಳೆಯ ಅಡಿಪಾಯ ಕೂರಬೇಕಾದಷ್ಟು ಕೂತು ಸುಮ್ಮನಾಗಿರುತ್ತದೆ, ಹೊಸದು ಇನ್ನು ಮೇಲೆ ಕೂರಬೇಕು. ಎರಡರ ಮೇಲೂ ಒಂದೇ ಸಮ ಗಿಲಾವು ಎಳೆದು ಪುಟ್ಟಿ ಹಚ್ಚಿದರೆ ಮೊದಲ ಕೆಲವು ದಿನ ನೋಡಲು ಚೆನ್ನ, ಆಮೇಲೆ ಅಂಕುಡೊಂಕಾಗಿ ಬಿರುಕು ಬರುತ್ತದೆ. ಬಿರುಕು ಹೇಗೂ ಬರುವುದಾದರೆ ನಾನು ಹೇಳಿದ ಜಾಗದಲ್ಲಿ, ನೆಟ್ಟಗೆ ಬರಲಿ ಎಂದುಕೊಂಡೆ. ಕೂಡುವಲ್ಲಿ ನೆಲದಿಂದ ಮಾಡಿನವರೆಗೆ 10 ಮಿ.ಮೀ. ಸಂದು ಬಿಡಿಸಿದೆ. ಒಳಗೆ ಫೋಮಿನ ಹುರಿ ತುರುಕಿ, ಮೇಲೆ ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ತುಂಬಿದೆ. ಸಿಲಿಕೋನ್ ಹಚ್ಚಿದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಸಂದನ್ನು ಮುಚ್ಚಲು ಮರದ ತೆಳುಪಟ್ಟಿಯೊಂದನ್ನು ಹೊಡೆದೆ, ಆದರೆ ಸ್ಕ್ರೂ ಹಾಕಿದ್ದು ಹಳೆ ಗೋಡೆಯ ಕಡೆಗೆ ಮಾತ್ರ. ಹೊಸ ಗೋಡೆ ಪಟ್ಟಿಯ ಅಡಿಯಲ್ಲಿ ತನ್ನಷ್ಟಕ್ಕೆ ಜರುಗಿಕೊಳ್ಳಬಹುದು. ಎರಡೂ ಕಡೆ ಬಿಗಿದರೆ ಪಟ್ಟಿಯೇ ಸೀಳುತ್ತದೆ.

ಹಳೆಯ ಕಿಟಕಿಯೊಂದನ್ನು ಇಟ್ಟಿಗೆಯಿಂದ ಮುಚ್ಚಿದ ಜಾಗಕ್ಕೆ ಈ ಉಪಾಯ ಬೇಕಿರಲಿಲ್ಲ. ಅಲ್ಲಿ ಕೆಳಗಿನ ಅಡಿಪಾಯ ಒಂದೇ. ಕೂಡುಗೆರೆಯ ಎರಡೂ ಬದಿಗೆ 150 ಮಿ.ಮೀ. ದಾಟುವಂತೆ ತಂತಿ ಜಾಲರಿ ಬಡಿಸಿ ಗಿಲಾವು ಮಾಡಿಸಿದ್ದು ಸಾಕಾಯಿತು.

ಗಿಲಾವು ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಗಟ್ಟಿಯಾಗಲು ಅದಕ್ಕೆ ನೀರು ಬೇಕು. ಕನಿಷ್ಠ 7 ದಿನ ಬಿಡದೆ ನೀರುಣಿಸಬೇಕು. ಆ ನೀರೆಲ್ಲ ಹೊರಗೆ ಹೋಗಲು ಮತ್ತೆ ಮೂರು ನಾಲ್ಕು ವಾರ. ಹೊರಮೈ ಬೆಳ್ಳಗಾದ ಕೂಡಲೇ ಬಣ್ಣದವರು ಕೈ ತುರಿಸಿಕೊಳ್ಳುತ್ತಾರೆ. ನಾನು ಪ್ಲಾಸ್ಟಿಕ್ ಹಾಳೆಯ ಚೌಕವೊಂದನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ಅಥವಾ ಅಡಿಯ ಗೋಡೆ ಕಪ್ಪಿಟ್ಟಿದ್ದರೆ ತೇವ ಇನ್ನೂ ಬರುತ್ತಿದೆ ಎಂದೇ ಅರ್ಥ. ತೇವದ ಜೊತೆಗೆ ಕ್ಷಾರದ ತೊಂದರೆಯೂ ಇದೆ. ಕ್ಷಾರದ ಅಳತೆಯಾದ ಪಿ.ಎಚ್. ಹಸಿ ಸಿಮೆಂಟಿನಲ್ಲಿ 12ರ ಮೇಲಿರುತ್ತದೆ. ಆ ಕ್ಷಾರ ಎಣ್ಣೆ ಬಣ್ಣವನ್ನು ಸೋಪಾಗಿಸಿ ಅಂಟಂಟು ಮಾಡಿಬಿಡುತ್ತದೆ. ಅದಕ್ಕೇ ಹೊಸ ಗೋಡೆಗೆ ಕ್ಷಾರ ತಡೆಯುವ ಪ್ರೈಮರ್ ಹಚ್ಚಿದೆ.

ಹಳೆ ಗೋಡೆಯ ತೊಂದರೆ ತದ್ವಿರುದ್ಧ. ಅಂಗೈ ಉಜ್ಜಿದರೆ ಸುಣ್ಣದ ಪುಡಿ ಬರುವ ಕಡೆ ಪುಟ್ಟಿ ನಿಲ್ಲುವುದು ಪುಡಿಯ ಮೇಲೆಯೇ ಹೊರತು ಗೋಡೆಯ ಮೇಲಲ್ಲ. ಅಂಥದ್ದನ್ನು ಗಟ್ಟಿ ಮೈ ಸಿಗುವವರೆಗೆ ಕೆರೆದೆ. ಹೊಳೆಯುವ ಎಣ್ಣೆ ಬಣ್ಣ ಇದ್ದ ಕಡೆ ಹೊಳಪು ಹೋಗುವಷ್ಟು ಉಜ್ಜಿದೆ, ಅದೂ ನೀರು ಹಾಕಿಕೊಂಡು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣ ಉಜ್ಜಿದರೆ ಅದು ದೂಳಾಗಿ ಮನೆಯೆಲ್ಲ ಹರಡುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಂತೂ ಇದರಲ್ಲಿ ಉದಾಸೀನ ಕೂಡದು.

ಪುಟ್ಟಿಯನ್ನು ಹಚ್ಚುವುದಕ್ಕಿಂತ ನೋಡುವುದರಲ್ಲಿ ನನಗೆ ಹೆಚ್ಚು ಹೊತ್ತು ಹೋಯಿತು. ಎದುರಿನಿಂದ ದೀಪ ಹಿಡಿದರೆ ಗೋಡೆ ಕನ್ನಡಿಯಂತೆ ಸಪಾಟಾಗಿ ಕಾಣುತ್ತದೆ. ದೀಪವನ್ನು ಗೋಡೆಗೇ ಆನಿಸಿ ಪಕ್ಕದಿಂದ ಬೆಳಕು ಹಾಯಿಸಿದರೆ ಪ್ರತಿ ಉಬ್ಬಿಗೂ ತಗ್ಗಿಗೂ ನೆರಳು ಬೀಳುತ್ತದೆ. ಆ ಬೆಳಕಿನಲ್ಲಿ ಪೆನ್ಸಿಲಿನಿಂದ ಸುತ್ತು ಹಾಕುತ್ತ ಹೋದೆ. ಎಲ್ಲ ಗೋಡೆಗೂ ಒಂದೇ ಪ್ರಮಾಣದ ಶ್ರಮ ಹಾಕಲಿಲ್ಲ. ಪಕ್ಕದಲ್ಲೇ ಕಿಟಕಿ ಇರುವ ಗೋಡೆಯ ಮೇಲೆ ಹಗಲು ಬೆಳಕು ಓರೆಯಾಗಿ ಬೀಳುವುದರಿಂದ ಅಲ್ಲಿ ಪಟ್ಟು ಹಿಡಿದು ಕೂತೆ. ಕಪಾಟು ಮುಚ್ಚುವ ಗೋಡೆಯನ್ನು ಬೇಗ ಮುಗಿಸಿದೆ. ದೊಡ್ಡ ತಗ್ಗಿಗೆ ಪುಟ್ಟಿ ತುಂಬಬಾರದು, ಅದು ಗಿಲಾವಿನ ಕೆಲಸ. ಪುಟ್ಟಿ ಎಂದರೆ ಒಂದೆರಡು ಮಿಲಿಮೀಟರಿನ ವ್ಯವಹಾರ. ಸಿಮೆಂಟ್ ಪುಟ್ಟಿ ದಿನ ಕಳೆದಂತೆ ಗಟ್ಟಿಯಾಗುತ್ತದೆಯಾದ್ದರಿಂದ ಉಜ್ಜುವುದನ್ನು ಮುಂದಕ್ಕೆ ಹಾಕಿದರೆ ತೋಳೇ ಬೆಲೆ ತೆರಬೇಕು. ಪ್ರೈಮರ್ ಹಚ್ಚಿದ ಮೇಲೆ ಮತ್ತೆ ದೀಪ ಹಿಡಿದು ನೋಡಿದೆ. ಬಣ್ಣ ಒಂದೇ ಆದಾಗ, ಮೊದಲು ಕಣ್ಣು ತಪ್ಪಿಸಿಕೊಂಡಿದ್ದ ಗೀರುಗಳೂ ಸಿಕ್ಕಿಬೀಳುತ್ತವೆ.

ಟೈಲ್ಸನ್ನು ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿದೆ. ಸಾಲನ್ನು ಹೊಸ ಗೋಡೆಗೆ ಸಮಾನಾಂತರವಾಗಿ ಎಳೆಯಬೇಕೆಂದು ಪುಸ್ತಕದ ಬುದ್ಧಿ ಹೇಳುತ್ತದೆ. ನಾನು ಹಳೆಯ ಕೋಣೆಯ ಬಾಗಿಲಲ್ಲಿ ನಿಂತವರ ಕಣ್ಣಿಗೆ ನೇರವಾಗಿ ಕಾಣುವಂತೆ ಎಳೆದೆ; ಗೋಡೆಯ ವಾರೆಯನ್ನು ಮಂಚ ಬರುವ ಬದಿಯ ಕತ್ತರಿಸಿದ ತುಂಡುಗಳು ನುಂಗಿಕೊಂಡವು. ಅಂಚಿಗೆ ಅರ್ಧ ಟೈಲಿಗಿಂತ ಸಣ್ಣ ತುಂಡು ಬರದಂತೆ ಸಾಲನ್ನು ಸ್ವಲ್ಪ ಜರುಗಿಸಿದೆ. ಉಳಿದದ್ದು ಎಲ್ಲರಿಗೂ ಗೊತ್ತಿರುವುದೇ: ಅಂಟು ಹಿಡಿದ ಮೇಲೆ ನಾಣ್ಯದಿಂದ ತಟ್ಟಿ ಪೊಳ್ಳು ಸದ್ದು ಬಂದದ್ದನ್ನು ಎಬ್ಬಿಸಿ ಮತ್ತೆ ಕೂರಿಸುವುದು, ಟೈಲ್ಸ್ ನಡುವಿನ ಸಂದುಗಳಿಗೆ ಗ್ರೌಟ್ ತುಂಬಲು ಮರುದಿನದವರೆಗೆ ಕಾಯುವುದು.

ಹಸಿ ಕೆಲಸವೆಲ್ಲ ಮುಗಿಯುವವರೆಗೆ ಮರವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಒದ್ದೆ ಗೋಡೆಗಳ ನಡುವೆ ಇಟ್ಟ ಕದ ನೀರು ಕುಡಿದು ಊದಿಕೊಳ್ಳುತ್ತದೆ. ತಂದ ಮೇಲೂ ಕೆಲವು ದಿನ ಅದೇ ಕೋಣೆಯಲ್ಲಿ ಅಡ್ಡ ಮಲಗಿಸಿ, ಅಲ್ಲಿನ ಹವೆಗೆ ಒಗ್ಗಲು ಬಿಟ್ಟೆ.

ನನಗೆ ತುಂಬ ಇಷ್ಟವಾದ ಕೆಲಸ ಕಪಾಟಿನ ಪಕ್ಕದ ಹಲಗೆಯನ್ನು ಹಳೆ ಗೋಡೆಗೆ ಹೊಂದಿಸುವುದು. ಹಲಗೆಯನ್ನು ತೂಗುಗುಂಡಿಗೆ ಸರಿಯಾಗಿ ನಿಲ್ಲಿಸಿದಾಗ ಗೋಡೆಗೂ ಅದಕ್ಕೂ ನಡುವೆ ಒಂದು ಕಡೆ ಸಂದೇ ಇಲ್ಲ, ಇನ್ನೊಂದು ಕಡೆ 8 ಮಿ.ಮೀ. ಸಂದು. ಕೈವಾರವನ್ನು 10 ಮಿ.ಮೀ.ಗೆ ತೆರೆದು, ಮೊನೆಯನ್ನು ಗೋಡೆಗೂ ಪೆನ್ಸಿಲನ್ನು ಹಲಗೆಗೂ ತಾಗಿಸಿ, ಅಡ್ಡ ಹಿಡಿದ ಕೈಯನ್ನು ಓರೆ ಮಾಡದೆ ಮೇಲಿನಿಂದ ಕೆಳಕ್ಕೆ ಎಳೆದೆ. ಗೋಡೆಯ ಒಂದೊಂದು ಉಬ್ಬೂ ತಗ್ಗೂ ಹಲಗೆಯ ಮೇಲೆ ಗೆರೆಯಾಗಿ ಇಳಿಯಿತು. ಆ ಗೆರೆಯ ಗುಂಟ ಗರಗಸವನ್ನು ತುಸು ವಾಲಿಸಿ ಕೊಯ್ದರೆ ಹಿಂಬದಿ ಒಳಸರಿದು ಮುಂದಿನ ಅಂಚು ಮಾತ್ರ ಗೋಡೆಯನ್ನು ಮುಟ್ಟುತ್ತದೆ. ಆಮೇಲೆ ಹತ್ತರಿ ಹೊಡೆಯುವುದೂ ಸುಲಭ. ಒತ್ತಿ ನಿಲ್ಲಿಸಿದಾಗ ಪೋಸ್ಟ್‌ಕಾರ್ಡ್ ತೂರದಷ್ಟು ಬಿಗಿಯಾಗಿ ಕೂತಿತು. ಸಂದಿಗೆಲ್ಲ ಸೀಲೆಂಟ್ ಮೆತ್ತುವವರನ್ನು ಕಂಡರೆ ನನಗೆ ಅಂದಿನಿಂದ ಅಸಹನೆ.

ಮರದ ಸ್ಕರ್ಟಿಂಗಿನ ಒಳಮೂಲೆಗಳಲ್ಲೂ ಇದೇ ಯುಕ್ತಿ. ಎರಡು ಪಟ್ಟಿಗಳನ್ನೂ 45 ಡಿಗ್ರಿಗೆ ಕೊಯ್ದರೆ, 90 ಡಿಗ್ರಿ ಇಲ್ಲದ ಮೂಲೆಯಲ್ಲಿ ಬಾಯಿ ಬಿಡುತ್ತವೆ. ಒಂದನ್ನು ಮೂಲೆಯವರೆಗೆ ನೇರವಾಗಿ ನುಗ್ಗಿಸಿ, ಇನ್ನೊಂದರ ತುದಿಯನ್ನು ಮೊದಲನೆಯದರ ಆಕಾರಕ್ಕೆ ತಕ್ಕಂತೆ ಕೆತ್ತಿ ಅದರ ಮೇಲೆ ಕೂರಿಸಿದೆ. ಮೂಲೆ ಎಷ್ಟೇ ವಾರೆಯಿರಲಿ, ಜೋಡಣೆ ಮುಚ್ಚಿಕೊಳ್ಳುತ್ತದೆ.

ಕದಕ್ಕೆ ಮೇಲೂ ಬದಿಗಳಲ್ಲೂ 3 ಮಿ.ಮೀ. ಬಿಟ್ಟಿದ್ದೇನೆ. ಮೇಲಿನ ಮತ್ತು ಕೆಳಗಿನ ಅಂಚುಗಳಿಗೂ ವಾರ್ನಿಷ್ ಕುಡಿಸಿದ್ದೇನೆ. ಕಣ್ಣಿಗೆ ಬೀಳದ ಆ ಅಂಚುಗಳಿಂದಲೇ ತೇವ ಒಳಹೋಗುವುದು ಹೆಚ್ಚು. ಚೌಕಟ್ಟಿನಲ್ಲಿ ಬೀಗದ ನಾಲಿಗೆ ಹಿಡಿಯುವ ಪಟ್ಟಿಯನ್ನು ಮಾತ್ರ ಸದ್ಯಕ್ಕೆ ಉದ್ದದ ತೂತಿನ ಮೇಲೆ ಸಡಿಲವಾಗಿ ನಿಲ್ಲಿಸಿದ್ದೇನೆ. ಒಂದು ಮಳೆಗಾಲ ಕಳೆದು, ಕದ ಎಷ್ಟು ಊದುತ್ತದೆ, ಹೊಸ ಗೋಡೆ ಎಷ್ಟು ಇಳಿಯುತ್ತದೆ ಎಂದು ನೋಡಿಕೊಂಡು, ಬೇಕಾದಲ್ಲಿ ಹತ್ತರಿ ಹೊಡೆದು ಆಮೇಲೆ ಬಿಗಿಯುತ್ತೇನೆ.