ಗೇರ್ ಬದಲಿಸುವ ಬಿಂದು: ನಮ್ಮ ಎಸ್ಟೀಮ್‌ನಲ್ಲಿ ನಾನು ಕಂಡುಕೊಂಡ ಬಗೆ

ನಮ್ಮ ರೇಸ್ ಕಾರಿನಲ್ಲಿ ಗೇರ್ ಬದಲಿಸಬೇಕಾದ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಇಷ್ಟು: ಮೊದಲ ಗೇರ್‌ನಲ್ಲಿ ಲಿಮಿಟರ್ (ಎಂಜಿನ್ ಅದಕ್ಕಿಂತ ವೇಗವಾಗಿ ತಿರುಗದಂತೆ ತಡೆಯುವ ಮಿತಿ) ಮುಟ್ಟುವವರೆಗೆ, ಎರಡರಿಂದ ಮೂರಕ್ಕೆ 7000, ಮೂರರಿಂದ ನಾಲ್ಕಕ್ಕೆ 6750. ಈ ಮೂರು ಅಂಕಿಗಳನ್ನು ಕಂಡುಕೊಳ್ಳಲು ನನಗೆ ಸುಮಾರು ಹದಿನಾಲ್ಕು ತಿಂಗಳು, ಒಂದು ಎಂಜಿನ್ ಮತ್ತು ಎರಡು ಲಕ್ಷ ರೂಪಾಯಿಯ ಆಸುಪಾಸಿನ ಹಣ ಬೇಕಾಯಿತು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಎಂಜಿನ್ ಬಿಚ್ಚಿ ಕಟ್ಟುತ್ತಿರುವ ನನಗೆ, ಈ ಕೆಲಸ ಆರಂಭಿಸಿದಾಗ ಒಬ್ಬರಾದರೂ ಬೆನ್ನು ತಟ್ಟಲಿಲ್ಲ. ಟ್ಯಾಕೋಮೀಟರ್‌ನ (ಆರ್‌ಪಿಎಂ ತೋರಿಸುವ ಮೀಟರ್) ಕೆಂಪು ಗೆರೆಯವರೆಗೆ ಎಳೆದು ಬದಲಿಸುವುದನ್ನು ಬಿಟ್ಟರೆ ರೇಸಿನಲ್ಲಿ ಬೇರೆ ಲೆಕ್ಕವೇ ಇಲ್ಲ ಎಂಬುದು ನನ್ನ ಜೊತೆಗೆ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್‌ನ ದೃಢವಾದ ನಂಬಿಕೆಯಾಗಿತ್ತು. ಈಗ ಅವರೇ ನಮ್ಮ ಕಾರಿನ ಟ್ಯಾಕೋಮೀಟರ್ ಮೇಲೆ ಹಸಿರು ಟೇಪಿನ ಗುರುತುಗಳನ್ನು ಅಂಟಿಸುತ್ತಾರೆ.

ಕಾರು ಮಾರುತಿ ಎಸ್ಟೀಮ್, 16 ವಾಲ್ವ್‌ಗಳ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಇಂಜೆಕ್ಟರ್ ಇರುವ) ಎಂಜಿನ್ನಿನದು. 1298 ಸಿಸಿ, 74 ಮಿ.ಮೀ. ಬೋರ್, 75.5 ಮಿ.ಮೀ. ಸ್ಟ್ರೋಕ್. ಕಾರ್ಖಾನೆಯಿಂದ ಹೊರಬರುವಾಗ 85 ಬಿಎಚ್‌ಪಿ ಕೊಡುತ್ತಿದ್ದ ಈ ಎಂಜಿನ್ನಿಗೆ ನಾವು ಹೆಡ್ ಕೆಲಸ, ಎಕ್ಸಾಸ್ಟ್ ಮತ್ತು ಪ್ರೋಗ್ರಾಂ ಮಾಡಬಹುದಾದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹಾಕಿದ್ದೇವೆ. ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್ ಮಾತ್ರ ಮೂಲದ್ದೇ. ಆ ಕ್ಯಾಮ್ ಇರುವುದರಿಂದಲೇ 6300ರ ನಂತರ ಶಕ್ತಿ ಬೇಗ ಇಳಿಯುತ್ತದೆ, ಆದ್ದರಿಂದಲೇ ಬದಲಿಸುವ ಬಿಂದುವಿಗೆ ಇಷ್ಟು ಬೆಲೆ. ಒಳಾಂಗಣವನ್ನೆಲ್ಲ ತೆಗೆದು ರೋಲ್ ಕೇಜ್ ಹಾಕಿದ ಮೇಲೆ ಚಾಲಕನೂ ಸೇರಿ 870 ಕೆ.ಜಿ. ತೂಗುತ್ತದೆ. ಗೇರ್ ಅನುಪಾತಗಳು ನೆನಪಿನಿಂದ ಹೇಳುವುದಾದರೆ 3.4, 1.9, 1.3, 0.9, ಫೈನಲ್ ಡ್ರೈವ್ (ಗೇರ್‌ಬಾಕ್ಸ್ ಮತ್ತು ಚಕ್ರದ ನಡುವಿನ ಕೊನೆಯ ಹಲ್ಲುಚಕ್ರ ಜೋಡಿ) 4.1ರ ಹತ್ತಿರ. ಓಡಿಸುವವನು ನನ್ನ ತಂಗಿಯ ಮಗ, ಓಡುವ ಜಾಗ ಹೆಚ್ಚಾಗಿ ಕೊಯಮತ್ತೂರಿನ ಬಳಿ ಚೆಟ್ಟಿಪಾಳಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. ಮಾರುತಿ 800ರ ಎಂಜಿನ್ ಇಟ್ಟುಕೊಂಡು ನಮ್ಮ ದೇಶದಲ್ಲೇ ಸಿಂಗಲ್ ಸೀಟರ್ ಕಟ್ಟಿದ ಕರಿವರ್ಧನ್ ಅವರ ಹೆಸರಿನ ಆ ಟ್ರ್ಯಾಕ್‌ಗೆ ಮಾರುತಿ ಎಂಜಿನ್ನನ್ನೇ ಕೊಂಡೊಯ್ಯುವಾಗ ನನಗೆ ಪ್ರತಿಸಲವೂ ಒಂದು ಸಂತೋಷವಾಗುತ್ತದೆ.

ಮೊದಲು ಎಲ್ಲರೂ ಮಾಡುವಂತೆ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಹತ್ತಿಸಿದೆ. ಮೂರು ಗಂಟೆಗೆ ಒಂಬತ್ತು ಸಾವಿರ ರೂಪಾಯಿ ತೆತ್ತು ನಾಲ್ಕನೇ ಗೇರ್‌ನಲ್ಲಿ ಎಂಟು ಬಾರಿ ಎಳೆಸಿ ಗ್ರಾಫ್ ಹಿಡಿದುಕೊಂಡು ಬಂದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಶಕ್ತಿ ಕಡಿಮೆ ತೋರುವುದು ಸಹಜ, ಅದರಿಂದ ತೊಂದರೆಯಿಲ್ಲ. ಗೆರೆಯ ಎತ್ತರ ತಗ್ಗಿದರೂ ಆಕಾರ ಹೆಚ್ಚು ಬದಲಾಗುವುದಿಲ್ಲ. ತೊಂದರೆಯಾದದ್ದು ಫ್ಯಾನ್‌ನಿಂದ. ರೇಡಿಯೇಟರ್ ಮುಂದೆ ಇಟ್ಟಿದ್ದ ಸಣ್ಣ ಫ್ಯಾನ್ ಸಾಲದೆ ಇನ್‌ಟೇಕ್ ಗಾಳಿ 60 ಡಿಗ್ರಿ ದಾಟಿತ್ತು, ಇಸಿಯು ಇಗ್ನಿಷನ್ ಟೈಮಿಂಗನ್ನು (ಕಿಡಿ ಹಾರುವ ಕ್ಷಣ) ಹಿಂದಕ್ಕೆ ಎಳೆದಿತ್ತು, ಎಳೆತದ ಕೊನೆಯ ಭಾಗದಲ್ಲಿ ಶಕ್ತಿ ನಿಜಕ್ಕಿಂತ ಕಡಿಮೆ ದಾಖಲಾಗಿತ್ತು. ಇಸಿಯು ಬರೆದಿಟ್ಟ ದಾಖಲೆ, ಅಂದರೆ ಲಾಗ್ ತೆರೆದು ಇದನ್ನು ನೋಡಬೇಕೆಂಬ ಬುದ್ಧಿ ಆಗ ಹೊಳೆಯಲಿಲ್ಲ. ಗ್ರಾಫ್ ಪ್ರಕಾರ 6500ಕ್ಕೇ ಬದಲಿಸಬೇಕೆಂದು ಲೆಕ್ಕ ಹಾಕಿ ಕರಿ ಟ್ರ್ಯಾಕ್‌ಗೆ ಹೋದೆವು. ಒಂದು ಸುತ್ತಿಗೆ ಅರ್ಧ ಸೆಕೆಂಡು ನಿಧಾನವಾಯಿತು. ಪಿಟ್‌ನಲ್ಲಿ ನಿಂತಿದ್ದವರೆಲ್ಲ ಅದನ್ನು ನೋಡಿದರು, ಮಾತನಾಡಿಕೊಂಡರು.

ಎರಡನೇ ಸಲ ಡೈನೊ ಸಹವಾಸವೇ ಬೇಡವೆಂದು ಇಸಿಯು ಲಾಗ್‌ನಿಂದಲೇ ಲೆಕ್ಕ ತೆಗೆಯಲು ಹೊರಟೆ. ಪೂರ್ತಿ ಥ್ರಾಟಲ್‌ನಲ್ಲಿ ಆರ್‌ಪಿಎಂ ಎಷ್ಟು ವೇಗವಾಗಿ ಏರುತ್ತದೆ ಎಂಬುದನ್ನು ಪ್ರತಿ ಗೇರ್‌ನಲ್ಲೂ ದಾಖಲಿಸಿ, ಅದರಿಂದ ಕಾರಿನ ವೇಗೋತ್ಕರ್ಷವನ್ನು ತೆಗೆದೆ. ಮೂರರಿಂದ ನಾಲ್ಕಕ್ಕೆ 6300 ಎಂಬ ಉತ್ತರ ಬಂತು, ಅದು ಡೈನೊಗಿಂತಲೂ ಕಡಿಮೆ. ಎರಡು ವಾರ ಅದರ ಮುಂದೆ ಕುಳಿತ ಮೇಲೆ ಕಾರಣ ಗೊತ್ತಾಯಿತು: ಕ್ಲಚ್ ಜಾರುತ್ತಿತ್ತು. ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಅತಿ ಹೆಚ್ಚಿರುವ 4500ರಿಂದ 5000ದ ನಡುವೆ, ನಾಲ್ಕನೇ ಗೇರ್‌ನಲ್ಲಿ, ಎಂಜಿನ್ ಓಡುತ್ತಿತ್ತು ಆದರೆ ಚಕ್ರ ಅಷ್ಟು ಓಡುತ್ತಿರಲಿಲ್ಲ. ಆರ್‌ಪಿಎಂ ಒಂದನ್ನೇ ನಂಬಿದ್ದರಿಂದ ನಾಲ್ಕನೇ ಗೇರ್ ಬಹಳ ಚೆನ್ನಾಗಿ ಎಳೆಯುತ್ತಿದೆ ಎಂದು ಲಾಗ್ ಸುಳ್ಳು ಹೇಳಿತ್ತು. ಹೊಸ ಕ್ಲಚ್‌ಗೆ ಎಂಟೋ ಒಂಬತ್ತೋ ಸಾವಿರ, ಮುಂದಿನ ಚಕ್ರಗಳಿಗೆ ಸ್ಪೀಡ್ ಸೆನ್ಸರ್ ಮತ್ತು ಸೆಕೆಂಡಿಗೆ 50 ಬಾರಿ ಬರೆದುಕೊಳ್ಳುವ ಲಾಗರ್‌ಗೆ ಇಪ್ಪತ್ತೆಂಟು ಸಾವಿರ ಖರ್ಚಾಯಿತು. ಮೊಬೈಲಿನ ಜಿಪಿಎಸ್‌ನಿಂದ ಈ ಕೆಲಸ ಮಾಡಲು ಹೋಗಬೇಡಿ; ಸೆಕೆಂಡಿಗೆ ಒಂದೇ ಅಂಕಿ ಕೊಡುವ ಸಾಧನದಿಂದ ಏನೂ ಸಿಗುವುದಿಲ್ಲ.

ಎರಡು ಸಲ ಎಡವಿದ ಮೇಲೆ ನನ್ನಲ್ಲೂ ಧೈರ್ಯ ಕುಗ್ಗಿತು. ಎತ್ತರಕ್ಕೆ ಎಳೆದರೇ ಸರಿ ಎಂಬ ಮಾತಿಗೆ ಒಪ್ಪಿ ಲಿಮಿಟರನ್ನು 7300ರಿಂದ 7600ಕ್ಕೆ ಏರಿಸಿದೆ. ಆ ತೀರ್ಮಾನ ಸಂಪೂರ್ಣವಾಗಿ ನನ್ನದು. ಕರಿ ಟ್ರ್ಯಾಕ್‌ನಲ್ಲಿ ಎರಡನೇ ಸೆಷನ್ನಿನ ಐದೋ ಆರೋ ಸುತ್ತಿಗೆ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯದು) ಬಡಿಯಲಾರಂಭಿಸಿತು. ಗಾಡಿ ಪಿಟ್‌ಗೆ ಬಂದಾಗ ಸಂಪ್‌ನಿಂದ ಇಳಿಸಿದ ಆಯಿಲ್‌ನಲ್ಲಿ ತಾಮ್ರದ ಬಣ್ಣದ ಹುಡಿ ಹೊಳೆಯುತ್ತಿದ್ದುದು ಇಂದಿಗೂ ಕಣ್ಣಮುಂದಿದೆ. ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ರಾಡ್‌ಗಳು, ಬೇರಿಂಗ್, ಆಯಿಲ್ ಪಂಪ್, ಗ್ಯಾಸ್ಕೆಟ್ ಎಲ್ಲ ಸೇರಿ ಒಂದು ಲಕ್ಷ ಹತ್ತು ಸಾವಿರದ ಮೇಲಾಯಿತು, ಅದೂ ಅರ್ಧ ಸಾಮಾನನ್ನು ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ತಂದದ್ದರಿಂದ. ಆ 300 ಆರ್‌ಪಿಎಂನಿಂದ ಸುತ್ತಿನ ಸಮಯದಲ್ಲಿ ಸೆಕೆಂಡಿನ ಒಂದು ಹತ್ತಾಂಶವೂ ಸಿಕ್ಕಿರಲಿಲ್ಲ.

ಎಂಜಿನ್ ಮತ್ತೆ ಕಟ್ಟಿ, ಲಿಮಿಟರನ್ನು 7300ಕ್ಕೇ ಇಳಿಸಿ, ಐನೂರು ಕಿಲೋಮೀಟರ್ ಓಡಿಸಿ ಕೂರಿಸಿದ ಮೇಲೆ ಈಗ ಹೇಳುವ ಕ್ರಮವನ್ನು ಹಿಡಿದೆ. ಟಾರ್ಕ್, ಬಿಎಚ್‌ಪಿ ಎರಡನ್ನೂ ಬದಿಗಿಟ್ಟೆ. ಕೇಳಬೇಕಾದ ಪ್ರಶ್ನೆ ಒಂದೇ: ಈ ವೇಗದಲ್ಲಿ, ಈ ಜಾಗದಲ್ಲಿ, ಕಾರು ಯಾವ ಗೇರ್‌ನಲ್ಲಿ ಹೆಚ್ಚು ಜೋರಾಗಿ ಮುಂದಕ್ಕೆ ಹೋಗುತ್ತದೆ? ಮುಖ್ಯ ನೇರದಾರಿಯ ಪಕ್ಕದಲ್ಲಿ ಒಂದು ಕೋನ್ ಇಟ್ಟು, ಅದನ್ನು ಗಂಟೆಗೆ 80 ಕಿ.ಮೀ. ವೇಗದಲ್ಲಿ ದಾಟುವಂತೆ ಚಾಲಕನಿಗೆ ಹೇಳಿದೆ. ಒಮ್ಮೆ ಎರಡನೇ ಗೇರ್‌ನಲ್ಲಿ ಪೂರ್ತಿ ಥ್ರಾಟಲ್, ಮುಂದಿನ ಸುತ್ತಿನಲ್ಲಿ ಮೂರನೇ ಗೇರ್‌ನಲ್ಲಿ ಪೂರ್ತಿ ಥ್ರಾಟಲ್, ಮತ್ತೆ ಎರಡು, ಮತ್ತೆ ಮೂರು, ಹೀಗೆ ಆರಾರು ಬಾರಿ. ಅದೇ ರೀತಿ 115 ಕಿ.ಮೀ. ವೇಗದಲ್ಲಿ ಮೂರು ಮತ್ತು ನಾಲ್ಕು. ಜಾಗವೂ ವೇಗವೂ ಒಂದೇ ಆದ್ದರಿಂದ ರಸ್ತೆಯ ಏರು, ಗಾಳಿಯ ತಡೆ, ಟೈರಿನ ಎಳೆತ ಎಲ್ಲವೂ ಎರಡೂ ಕಡೆ ಸಮವಾಗಿ ಬಿದ್ದು ಲೆಕ್ಕದಿಂದ ಹೊರಹೋಗುತ್ತವೆ. ಆ ಹೊತ್ತಿನ ಬೀಸುಗಾಳಿಯನ್ನು ಆರಾರು ಬಾರಿಯ ಸರಾಸರಿ ನುಂಗುತ್ತದೆ. ವೇಗದ ಎದುರು ವೇಗೋತ್ಕರ್ಷದ ಗೆರೆಗಳನ್ನು ಬರೆದರೆ, ಎರಡು ಗೇರ್‌ಗಳ ಗೆರೆಗಳು ಎಲ್ಲಿ ಒಂದನ್ನೊಂದು ಹಾಯುತ್ತವೆಯೋ ಅದೇ ಬದಲಿಸುವ ವೇಗ. ನಮ್ಮ ಕಾರಿನಲ್ಲಿ ಎರಡು ಮತ್ತು ಮೂರು ಸುಮಾರು 92 ಕಿ.ಮೀ. ವೇಗದಲ್ಲಿ, ಮೂರು ಮತ್ತು ನಾಲ್ಕು 131ರ ಹತ್ತಿರ ಹಾಯ್ದವು. ಲಾಗ್‌ನ ಅಂಕುಡೊಂಕನ್ನು ಎಷ್ಟು ನಯಗೊಳಿಸಬೇಕು ಎಂಬುದರಲ್ಲಿ ಒಂದು ಕೈಚಳಕವಿದೆ. ಹೆಚ್ಚಾದರೆ ಹಾಯುವ ಬಿಂದು ಜಾರಿಹೋಗುತ್ತದೆ, ಕಡಿಮೆಯಾದರೆ ಐದು ಕಡೆ ಹಾಯುತ್ತದೆ. ನಾನು ಬಳಸುವ ಅಂಕಿಯನ್ನು ಸದ್ಯಕ್ಕೆ ನನ್ನ ನೋಟ್‌ಬುಕ್ಕಿನಲ್ಲೇ ಇಟ್ಟುಕೊಳ್ಳುತ್ತೇನೆ.

ಡೈನೊ ಎಷ್ಟೇ ಚೆನ್ನಾಗಿದ್ದರೂ, ಒಂದೇ ಗೇರ್‌ನಲ್ಲಿ ಎಳೆಸಿದ ಗ್ರಾಫ್ ಈ ಕೆಲಸಕ್ಕೆ ಯಾಕೆ ಸಾಲದು ಎಂಬುದು ಇಲ್ಲೇ ತಿಳಿಯುತ್ತದೆ. ಕೆಳಗಿನ ಗೇರ್‌ನಲ್ಲಿ ಕಾರನ್ನು ದೂಡುವುದರ ಜೊತೆಗೆ ಫ್ಲೈವೀಲ್ (ಎಂಜಿನ್ನಿನ ತುದಿಯ ಭಾರದ ಚಕ್ರ) ಮತ್ತು ಕ್ರ್ಯಾಂಕನ್ನು ಬಹಳ ಬೇಗ ತಿರುಗಿಸುತ್ತ ಹೋಗಬೇಕು, ಅದಕ್ಕೂ ಶಕ್ತಿ ಬೇಕು. ನಾನು ಹಾಕಿದ ಅಂದಾಜಿನಲ್ಲಿ, ನಮ್ಮ ಕಾರಿಗೆ ಮೂರನೇ ಗೇರ್‌ನಲ್ಲಿ ಇದು 40 ಕೆ.ಜಿ. ಹೆಚ್ಚು ಹೊತ್ತಂತೆ, ಎರಡರಲ್ಲಿ 90 ಕೆ.ಜಿ., ಮೊದಲ ಗೇರ್‌ನಲ್ಲಿ 300 ಕೆ.ಜಿ. ಹೊತ್ತಂತೆ. ಆದ್ದರಿಂದ ತಪ್ಪಿಲ್ಲದ ಗ್ರಾಫ್ ಹೇಳುವುದಕ್ಕಿಂತಲೂ ನಿಜವಾದ ಬಿಂದು ಸ್ವಲ್ಪ ಮೊದಲೇ ಬರುತ್ತದೆ. ಗೇರ್‌ಗಳ ನಡುವಿನ ಅಂತರ ಕಿರಿದಾದಂತೆ ಬಿಂದು ಇನ್ನೂ ಕೆಳಗಿಳಿಯುತ್ತದೆ. ಎಲ್ಲ ಗೇರ್‌ಗೂ ಒಂದೇ ಅಂಕಿ ಎಂಬ ಮಾತನ್ನು ನಾನು ಇನ್ನು ಒಪ್ಪಲಾರೆ.

ಪರೀಕ್ಷೆಗೆ ಒಂದು ದಿನವನ್ನು ಪೂರ್ತಿ ಮೀಸಲಿಟ್ಟೆವು. ಬೆಳಿಗ್ಗೆ ಎಂಟು ಸುತ್ತು ಎಲ್ಲ ಗೇರ್‌ನಲ್ಲೂ 7300, ನಂತರ ಎಂಟು ಸುತ್ತು ಹೊಸ ಅಂಕಿಗಳು, ನಂತರ ಮತ್ತೆ ಎಂಟು ಸುತ್ತು 7300, ಟೈರ್ ಅದೇ, ಪೆಟ್ರೋಲ್ ಅಳತೆ ಅದೇ. ಮಧ್ಯದ ಎಂಟು ಸುತ್ತುಗಳು ಸರಾಸರಿ ಮೂರರಿಂದ ನಾಲ್ಕು ಹತ್ತಾಂಶ ಮುಂದಿದ್ದವು. ಈ ಕೆಲಸ ಗೊತ್ತಿರುವವರಿಗೆ, ಹಣ ಖರ್ಚಿಲ್ಲದೆ ಬರುವ ನಾಲ್ಕು ಹತ್ತಾಂಶ ಎಷ್ಟು ದೊಡ್ಡದೆಂದು ವಿವರಿಸಬೇಕಿಲ್ಲ. ಮೂರನೇ ಸೆಷನ್ನಿನಲ್ಲಿ ಸಮಯ ಮತ್ತೆ ಹಿಂದಕ್ಕೆ ಹೋದದ್ದನ್ನು ನೋಡಿದ ಮೇಲೆಯೇ ಮೆಕ್ಯಾನಿಕ್ ಸ್ಟಾಪ್‌ವಾಚ್ ಕೆಳಗಿಟ್ಟು ಲ್ಯಾಪ್‌ಟಾಪ್ ಬಳಿ ಬಂದು ಕುಳಿತರು.

ಅಂಕಿ ಸಿಕ್ಕ ಮೇಲೆ ಅದನ್ನು ಚಾಲಕನ ಕೈಗೆ ತಲುಪಿಸುವುದು ಇನ್ನೊಂದು ಕೆಲಸ. ಶಿಫ್ಟ್ ಲೈಟ್ (ಗೇರ್ ಬದಲಿಸಲು ಸೂಚಿಸುವ ದೀಪ) ಹೊತ್ತಿದ ಮೇಲೆ ನಮ್ಮ ಹುಡುಗನ ಕಾಲು ಕ್ಲಚ್ ಒತ್ತಲು ಕಾಲು ಸೆಕೆಂಡಿಗೆ ತುಸು ಕಡಿಮೆ ಹಿಡಿಯುತ್ತದೆ. ಅಷ್ಟರಲ್ಲಿ ಮೊದಲ ಗೇರ್‌ನಲ್ಲಿ ಎಂಜಿನ್ 450 ಆರ್‌ಪಿಎಂ ಏರಿರುತ್ತದೆ, ಎರಡರಲ್ಲಿ 150, ಮೂರರಲ್ಲಿ 50 ಮಾತ್ರ. ಹಾಗಾಗಿ ಲೈಟ್ ಕ್ರಮವಾಗಿ 6850, 6850, 6700ಕ್ಕೆ ಹೊತ್ತುವಂತೆ ಇಸಿಯುನಲ್ಲಿ ಬರೆದಿದ್ದೇವೆ. ಎಲ್ಲ ಗೇರ್‌ಗೂ ಒಂದೇ ಅಂಕಿಗೆ ಲೈಟ್ ಇಟ್ಟವರು ಮೊದಲ ಗೇರ್‌ನಲ್ಲಿ ಲಿಮಿಟರ್‌ಗೆ ಬಡಿಯುತ್ತಲೇ ಇರುತ್ತಾರೆ.

ಬ್ರೇಕ್ ಬಿಂದು ಹತ್ತಿರವಿರುವಾಗ ಮಾತ್ರ ಈ ಅಂಕಿಗಳನ್ನು ಬಿಟ್ಟುಬಿಡಬೇಕು. ಒಂದು ಸಲ ಗೇರ್ ಬದಲಿಸಲು ಒಂದು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. 130ರ ವೇಗದಲ್ಲಿ ಅಷ್ಟು ಹೊತ್ತು ಎಳೆತವಿಲ್ಲದಿದ್ದರೆ ಗಂಟೆಗೆ ಎರಡು ಕಿ.ಮೀ.ಯಷ್ಟು ಹಿಂದೆ ಬೀಳುತ್ತೇವೆ, ಅದನ್ನು ಮರಳಿ ಗಳಿಸುವಷ್ಟರಲ್ಲಿ ತಿರುವು ಬಂದಿರುತ್ತದೆ. ಕರಿ ಟ್ರ್ಯಾಕ್‌ನ ಒಂದು ಚಿಕ್ಕ ನೇರದಾರಿಯಲ್ಲಿ ನಾವು ಮೂರನ್ನೇ 7300ರವರೆಗೆ, ಅಂದರೆ 142 ಕಿ.ಮೀ.ವರೆಗೆ ಹಿಡಿಯುತ್ತೇವೆ. ಬ್ರೇಕಿಗೆ ಎಷ್ಟು ಸೆಕೆಂಡು ಉಳಿದಿದ್ದರೆ ಬದಲಿಸಬೇಕು, ಎಷ್ಟಿದ್ದರೆ ಬೇಡ ಎಂಬ ಗಡಿಯನ್ನು ಅಳೆದಿದ್ದೇನೆ. ಅದನ್ನು ಈ ಸೀಸನ್ ಮುಗಿಯುವವರೆಗೆ ಬರೆಯುವುದಿಲ್ಲ.

ಇದರ ನಡುವೆ ಬೇರೆ ಪ್ರಯೋಗಗಳೂ ನಡೆದವು. ಬದಲಿಸುವ ಸಮಯವನ್ನೇ ತಗ್ಗಿಸೋಣವೆಂದು ಕ್ಲಚ್ ಒತ್ತದೆ, ಇಗ್ನಿಷನ್ ಒಂದು ಕ್ಷಣ ಕಡಿದು ಬದಲಿಸುವುದನ್ನು ಮಾಡಿ ನೋಡಿದೆವು. ಸಿಂಕ್ರೊಮೆಶ್ (ಹಲ್ಲುಚಕ್ರಗಳ ವೇಗ ಹೊಂದಿಸುವ ರಿಂಗ್ ಇರುವ) ಗೇರ್‌ಬಾಕ್ಸ್ ಅದನ್ನು ತಡೆಯಲಿಲ್ಲ, ಒಂದು ಮಧ್ಯಾಹ್ನದಲ್ಲೇ ಮೂರನೇ ಗೇರ್‌ನ ರಿಂಗ್ ಸವೆದು ಹನ್ನೆರಡು ಸಾವಿರ ಹೋಯಿತು. ಫ್ಲೈವೀಲನ್ನು ಲೇತ್‌ನಲ್ಲಿ ಸುಮಾರು ಏಳು ಕೆ.ಜಿ.ಯಿಂದ ನಾಲ್ಕೂವರೆಗೆ ಇಳಿಸಿದ್ದು ಮಾತ್ರ ಫಲ ಕೊಟ್ಟಿತು. ಎರಡನೇ ಗೇರ್‌ನ ಗೆರೆ ಸ್ವಲ್ಪ ಮೇಲೆದ್ದು, ಎರಡರಿಂದ ಮೂರಕ್ಕೆ ಇದ್ದ ಬಿಂದು 6950ರಿಂದ ಈಗಿನ 7000ಕ್ಕೆ ಸರಿಯಿತು. ಸವೆದ ಟೈರಿನಲ್ಲಿ ಚಕ್ರದ ಸುತ್ತಳತೆ ಕಡಿಮೆಯಾಗಿ ವೇಗದ ಅಂಕಿ ತಪ್ಪುತ್ತದೆ ಎಂಬುದನ್ನೂ ಒಮ್ಮೆ ಅನುಭವಿಸಿ ಕಲಿತೆವು. ಈಗ ಪ್ರತಿ ಪರೀಕ್ಷೆಯ ಬೆಳಿಗ್ಗೆ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಪಿಟ್‌ನ ನೆಲದ ಮೇಲೆ ಐದು ಸುತ್ತು ಉರುಳಿಸಿ ಅಳೆಯುತ್ತೇವೆ.

ಮುಂದಿನ ತಿಂಗಳು ಕಾರು ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೆ ಹೋಗುತ್ತದೆ. ಅಲ್ಲಿ ಸುತ್ತು 3.7 ಕಿ.ಮೀ., ನೇರದಾರಿ ಉದ್ದ, ಗಾಳಿ ಸಮುದ್ರಮಟ್ಟದ್ದು. ಅದಕ್ಕಾಗಿ ಬೇರೆ ಫೈನಲ್ ಡ್ರೈವ್ ಕೂರಿಸುತ್ತಿದ್ದೇವೆ, ಲಾಗರ್ ಮತ್ತು ಕೋನ್‌ಗಳನ್ನು ಈಗಾಗಲೇ ಡಿಕ್ಕಿಯಲ್ಲಿ ಇಟ್ಟಾಗಿದೆ.