ಹುಡುಕಿದ್ದನ್ನು ಹುಡುಕಿದ ಹಾಗೇ ಬರೆದಿಟ್ಟೆವು

ನಾನು ದಾವಣಗೆರೆಯಲ್ಲಿ ಕಮ್ಯುನಿಟಿ ಮೆಡಿಸಿನ್ ಪಾಠ ಮಾಡುತ್ತೇನೆ. ಜಗಳೂರು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರೋದು ಇಲ್ಲಿ ಎಲ್ಲರಿಗೂ ಗೊತ್ತು. ಹಲ್ಲಿನ ಮೇಲೆ ಕಂದು ಕಲೆ ಇರುವ ಮಕ್ಕಳನ್ನು ಕ್ಯಾಂಪುಗಳಲ್ಲಿ ನೋಡುತ್ತಲೇ ಇರುತ್ತೇವೆ. ಇದರ ಮೇಲೆ ಸಿಸ್ಟಮ್ಯಾಟಿಕ್ ರಿವ್ಯೂ (ಈವರೆಗೆ ಬಂದ ಸಂಶೋಧನಾ ಲೇಖನಗಳನ್ನು ಕ್ರಮವಾಗಿ ಹುಡುಕಿ ಒಟ್ಟಿಗೆ ಪರಿಶೀಲಿಸೋದು) ಮಾಡಲು ನಾನು ಮತ್ತು ನಮ್ಮ ಪಿಜಿ ವಿದ್ಯಾರ್ಥಿನಿ ಕೂತಾಗ ಒಂದು ವಿಷಯಕ್ಕೆ ಹಟ ಹಿಡಿದೆ: ಏನು ಹುಡುಕಿದೆವೋ ಅದನ್ನು ಹಾಗೇ, ಅದೇ ದಿನ ಬರೆದಿಡಬೇಕು.

ವೈದ್ಯಕೀಯ ಲೇಖನಗಳನ್ನು ಹುಡುಕುವ ಆನ್‌ಲೈನ್ ಡೇಟಾಬೇಸ್ ಪಬ್‌ಮೆಡ್. "ಪಬ್‌ಮೆಡ್‌ನಲ್ಲಿ ಫ್ಲೋರೋಸಿಸ್, ನೀರು ಮುಂತಾದ ಪದಗಳಿಂದ ಹುಡುಕಿದೆವು" ಅಂತ ಬರೆದರೆ ಓದುವವರಿಗೆ ಏನು ತಿಳಿಯುತ್ತೆ? ಮುಂತಾದ ಅಂದರೆ ಯಾವುವು? ಪದಗಳನ್ನು ಜೋಡಿಸುವ ಆಂಡ್ ಎಲ್ಲಿತ್ತು, ಆರ್ ಎಲ್ಲಿತ್ತು? ಇಂಥ ರಿವ್ಯೂ ವರದಿಯಲ್ಲಿ ಏನೇನು ಬರೆಯಬೇಕು ಅಂತ ಹೇಳುವ ಮಾರ್ಗಸೂಚಿ ಪ್ರಿಸ್ಮಾ. 2009ರ ಪ್ರಿಸ್ಮಾ ಕನಿಷ್ಠ ಒಂದು ಡೇಟಾಬೇಸಿನ ಪೂರ್ತಿ ಸರ್ಚ್ ಕೇಳುತ್ತಿತ್ತು. ಪ್ರಿಸ್ಮಾ 2020 ಎಲ್ಲಾ ಡೇಟಾಬೇಸಿನದ್ದೂ ಕೇಳುತ್ತದೆ. 2021ರಲ್ಲಿ ಬಂದ ಪ್ರಿಸ್ಮಾ-ಎಸ್‌ನಲ್ಲಂತೂ ಬರೀ ಸರ್ಚ್‌ಗೇ 16 ಅಂಶಗಳಿವೆ. ಜಾಸ್ತಿ ಆಯ್ತು ಅನ್ನೋರಿದ್ದಾರೆ, ನನಗೆ ಹಾಗನ್ನಿಸಿಲ್ಲ.

ಪಬ್‌ಮೆಡ್‌ನ ಅಡ್ವಾನ್ಸ್ಡ್ ಪೇಜಿಗೆ ಹೋಗಿ ಹಿಸ್ಟರಿಯಲ್ಲಿ ಡೀಟೇಲ್ಸ್ ತೆರೆದು ನೋಡಿ. ನೀವು ಹಾಕಿದ ಪದಕ್ಕೆ ಅದು ತಾನಾಗಿಯೇ ಯಾವ ಮೆಶ್ ಪದ (ಲೇಖನದ ವಿಷಯ ಗುರುತಿಸಲು ಅದಕ್ಕೆ ಅಂಟಿಸುವ ನಿಗದಿತ ಪದ), ಯಾವ ಸಮಾನ ಪದ ಸೇರಿಸಿಕೊಂಡಿದೆ ಅನ್ನೋದು ಕಾಣುತ್ತದೆ. ಹಾಗೆ ಶುರುವಾಗುವ ಎಲ್ಲ ಪದಗಳೂ ಸಿಗಲಿ ಅಂತ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದಿರೋ, ಹೀಗೆ ಸೇರಿಸೋದು ನಿಂತುಹೋಗುತ್ತದೆ. ಆಗ ಮೆಶ್ ಪದವನ್ನು ನಾವೇ ಕೊಡಬೇಕು. ಈ ಹಿಸ್ಟರಿಯನ್ನು ಎಂಟು ಗಂಟೆ ಮುಟ್ಟದೆ ಬಿಟ್ಟರೆ ಅಳಿಸಿಹೋಗುತ್ತೆ, ಅದಕ್ಕೇ ನಾವು ಕುರ್ಚಿಯಿಂದ ಏಳುವ ಮುಂಚೆ ಅದನ್ನು ಡೌನ್‌ಲೋಡ್ ಮಾಡಿ, ತಾರೀಖು, ಸಾಲುಸಾಲಿಗೂ ಬಂದ ಲೇಖನಗಳ ಸಂಖ್ಯೆ ಸಮೇತ ಇಟ್ಟುಕೊಂಡೆವು.

"ಸರ್, ಇಲಿಗಳ ಪೇಪರ್ ತುಂಬಾ ಬರ್ತಿವೆ, ಹ್ಯೂಮನ್ಸ್ ಫಿಲ್ಟರ್ ಹಾಕ್ಲಾ?" ಅಂದಳು ವಿದ್ಯಾರ್ಥಿನಿ. ಬೇಡಮ್ಮ ಅಂದೆ. ಆ ಫಿಲ್ಟರ್ ನೋಡೋದು ಮೆಶ್ ಗುರುತನ್ನು. ಹೊಸದಾಗಿ ಬಂದು ಇನ್ನೂ ಮೆಶ್ ಸಿಗದ ಲೇಖನಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಇಲಿಗಳನ್ನು ಟೈಟಲ್ ಓದಿಯೇ ತೆಗೆದೆವು. ಫಿಲ್ಟರ್ ಹಾಕಲೇಬೇಕು ಅಂದರೆ ಹಾಕಿ, ಆದರೆ ಹಾಕಿದ್ದೀವಿ, ಇಂಥದ್ದಕ್ಕೆ ಹಾಕಿದ್ದೀವಿ ಅಂತ ಬರೆಯಿರಿ.

ಬೇಕಾದ ಲೇಖನಗಳನ್ನು ಆರಿಸುವ ಸ್ಕ್ರೀನಿಂಗ್ ಶುರುಮಾಡುವ ಮೊದಲು ಫೈಲನ್ನು ಲೈಬ್ರರಿಯನ್ ಮೇಡಂಗೆ ಕೊಟ್ಟು, ನಮ್ಮನ್ನು ಏನೂ ಕೇಳದೆ ಇದನ್ನು ಓಡಿಸಿ ನೋಡಿ ಎಂದೆ. ಪಬ್‌ಮೆಡ್ ಸಲೀಸಾಗಿ ಓಡಿತು. ಮುಂದಿನದು ಎಂಬೇಸ್ ಅನ್ನುವ ಇನ್ನೊಂದು ಡೇಟಾಬೇಸ್; ಅದನ್ನು ಅದರದೇ ಸೈಟಿನಲ್ಲೂ ತೆರೆಯಬಹುದು, ಓವಿಡ್ ಅನ್ನುವ ಬೇರೆ ಪ್ಲಾಟ್‌ಫಾರ್ಮಿನಲ್ಲೂ ತೆರೆಯಬಹುದು. "ಎಂಬೇಸ್ ಎಲ್ಲಿ ಓಡಿಸಲಿ ಸರ್, ಓವಿಡ್‌ನಲ್ಲಾ?" ಎಂದು ಕೇಳಿದರು. ಓವಿಡ್‌ಗೆ ಬರೆದ ಸಾಲು ಎಂಬೇಸ್‌ನದೇ ಸೈಟಿನಲ್ಲಿ ಹಾಗೇ ಓಡಲ್ಲ ಅಲ್ವಾ. ಈಗ ನಮ್ಮ ಫೈಲಿನಲ್ಲಿ ಪ್ರತಿ ಡೇಟಾಬೇಸ್ ಪಕ್ಕ ಅದನ್ನು ತೆರೆದ ಪ್ಲಾಟ್‌ಫಾರ್ಮಿನ ಹೆಸರೂ ಇದೆ.