ನಾಯಿಯ ಹಲ್ಲುಜ್ಜುವುದು ಹೇಗೆ: ವಸಡಿನ ಅಂಚೇ ಮುಖ್ಯ

ನಾಯಿಯ ಬಾಯಿ ನಾರುವುದು ಸಹಜವೆಂದು ಒಪ್ಪಿಕೊಂಡುಬಿಟ್ಟವರು ಬಹಳ ಮಂದಿ. ಆರೋಗ್ಯವಾಗಿರುವ ನಾಯಿಯ ಉಸಿರಿಗೆ ಆಗಷ್ಟೇ ತಿಂದ ಆಹಾರದ ವಾಸನೆ ಸ್ವಲ್ಪ ಹೊತ್ತು ಇರಬಹುದು. ಆದರೆ ಸದಾ ಬರುವ ಕೊಳೆತ ವಾಸನೆ ಸಹಜವಲ್ಲ, ಅದು ಬಹುಪಾಲು ಸಂದರ್ಭಗಳಲ್ಲಿ ವಸಡಿನ ರೋಗದ ಸೂಚನೆ. ಮೂರು ವರ್ಷ ದಾಟಿದ ನಾಯಿಗಳಲ್ಲಿ ಪಶುವೈದ್ಯರು ಅತಿ ಹೆಚ್ಚಾಗಿ ಕಾಣುವ ಕಾಯಿಲೆಗಳಲ್ಲಿ ಇದೂ ಒಂದು. ಇದರ ಬಹುಭಾಗವನ್ನು ಮನೆಯಲ್ಲೇ, ದಿನಕ್ಕೆ ಎರಡು ನಿಮಿಷ ಕೊಟ್ಟು ತಡೆಯಬಹುದು ಎಂಬುದು ಸಮಾಧಾನದ ಸಂಗತಿ.

ಹಲ್ಲನ್ನು ಎಷ್ಟೇ ಚೊಕ್ಕಟ ಮಾಡಿದರೂ ಒಂದು ದಿನದೊಳಗೆ ಅದರ ಮೇಲೆ ಬ್ಯಾಕ್ಟೀರಿಯಾ ಮತ್ತು ಜೊಲ್ಲಿನ ಅಂಶಗಳು ಸೇರಿದ ತೆಳುವಾದ, ಅಂಟಂಟಾದ ಪದರವೊಂದು ಮತ್ತೆ ಕಟ್ಟಿಕೊಳ್ಳುತ್ತದೆ. ಇದೇ ಪ್ಲಾಕ್. ಕಣ್ಣಿಗೆ ಸರಿಯಾಗಿ ಕಾಣದ ಈ ಪದರವನ್ನು ಬ್ರಷ್ಷಿನ ಎಳೆಗಳು ಸುಲಭವಾಗಿ ಕೆರೆದು ತೆಗೆಯುತ್ತವೆ. ಹಾಗೆ ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಲವಣಗಳು ಅದರೊಳಗೆ ಸೇರಿ, ಕೆಲವೇ ದಿನಗಳಲ್ಲಿ ಅದು ಗಟ್ಟಿಯಾಗಿ, ಹಳದಿ ಅಥವಾ ಕಂದು ಬಣ್ಣದ ಟಾರ್ಟರ್ ಆಗುತ್ತದೆ. ನಾಯಿಯ ಜೊಲ್ಲು ಮನುಷ್ಯರದಕ್ಕಿಂತ ಹೆಚ್ಚು ಕ್ಷಾರೀಯವಾಗಿರುವುದರಿಂದ ನಾಯಿಗಳಲ್ಲಿ ಹುಳುಕು ಹಲ್ಲು ಕಡಿಮೆ. ಆದರೆ ಅದೇ ಕಾರಣಕ್ಕೆ ಟಾರ್ಟರ್ ಮಾತ್ರ ಬೇಗ ಕಟ್ಟುತ್ತದೆ. ಒಮ್ಮೆ ಕಟ್ಟಿದ ಟಾರ್ಟರ್ ಯಾವ ಬ್ರಷ್ಷಿಗೂ ಜಗ್ಗುವುದಿಲ್ಲ.

ನಿಜವಾದ ಹಾನಿ ನಡೆಯುವುದು ಕಣ್ಣಿಗೆ ಕಾಣುವ ಆ ಕಂದು ಕಲೆಯಲ್ಲಲ್ಲ, ವಸಡಿನ ಅಂಚಿನ ಕೆಳಗೆ. ಅಲ್ಲಿಗೆ ಇಳಿದ ಬ್ಯಾಕ್ಟೀರಿಯಾಗಳಿಂದ ಮೊದಲು ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಈ ಹಂತದಲ್ಲಿ ಹಲ್ಲು ಶುಚಿಯಾದರೆ ವಸಡು ಮತ್ತೆ ಮೊದಲಿನಂತಾಗುತ್ತದೆ. ಮುಂದಿನ ಹಂತದಲ್ಲಿ ಹಲ್ಲನ್ನು ಹಿಡಿದಿರುವ ಅಂಗಾಂಶ ಮತ್ತು ದವಡೆಯ ಎಲುಬು ಸವೆಯತೊಡಗುತ್ತದೆ. ಹೀಗೆ ಕಳೆದುಹೋದ ಎಲುಬು ತಾನಾಗಿ ಮರಳಿ ಬೆಳೆಯುವುದಿಲ್ಲ. ಆದ್ದರಿಂದ ಮನೆಯಲ್ಲಿ ನಾವು ಮಾಡುವ ಕೆಲಸದ ಗುರಿ ಹಲ್ಲನ್ನು ಬೆಳ್ಳಗೆ ಹೊಳೆಯಿಸುವುದಲ್ಲ. ಹಲ್ಲೂ ವಸಡೂ ಕೂಡುವ ಗೆರೆಯಲ್ಲಿ ಪ್ಲಾಕ್ ಗಟ್ಟಿಯಾಗುವ ಮೊದಲೇ ಅದನ್ನು ತೆಗೆಯುವುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪ್ರತಿಯೊಂದು ಹೆಜ್ಜೆಗೂ ಕಾರಣ ತಿಳಿಯುತ್ತದೆ.

ಮೊದಲು ಬಾಯಿಯನ್ನು ನೋಡಿ

ಬ್ರಷ್ ಕೊಳ್ಳುವ ಮುನ್ನ ಒಳ್ಳೆಯ ಬೆಳಕಿನಲ್ಲಿ ನಾಯಿಯ ಬಾಯಿಯನ್ನು ಒಮ್ಮೆ ಪರೀಕ್ಷಿಸಬೇಕು. ಅದಕ್ಕಾಗಿ ಬಾಯಿಯನ್ನು ಅಗಲವಾಗಿ ತೆರೆಸುವ ಅಗತ್ಯವಿಲ್ಲ. ಬಾಯಿ ಮುಚ್ಚಿರುವಾಗಲೇ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿದರೆ ಹಲ್ಲುಗಳ ಹೊರಮೈ ಪೂರ್ತಿ ಕಾಣುತ್ತದೆ. ಬೆಳೆದ ನಾಯಿಗೆ 42 ಹಲ್ಲುಗಳಿರುತ್ತವೆ: ಮುಂದೆ ಸಣ್ಣ ಬಾಚಿಹಲ್ಲುಗಳು, ಅವುಗಳ ಪಕ್ಕದಲ್ಲಿ ಉದ್ದನೆಯ ಕೋರೆಹಲ್ಲುಗಳು, ಹಿಂದೆ ಸಾಲಾಗಿ ದವಡೆ ಹಲ್ಲುಗಳು. ಮೇಲಿನ ಸಾಲಿನ ಹಿಂಭಾಗದಲ್ಲಿರುವ ಅತಿ ದೊಡ್ಡ ಹಲ್ಲನ್ನು ಚೆನ್ನಾಗಿ ಗಮನಿಸಿ. ಜೊಲ್ಲಿನ ಗ್ರಂಥಿಯ ನಾಳವೊಂದು ಅದರ ಹತ್ತಿರವೇ ತೆರೆದುಕೊಳ್ಳುವುದರಿಂದ ಟಾರ್ಟರ್ ಹೆಚ್ಚಾಗಿ ಕಟ್ಟುವುದು ಅಲ್ಲಿಯೇ. ಮುಂದಿನ ಹಲ್ಲುಗಳು ಬೆಳ್ಳಗಿರುವುದನ್ನು ಕಂಡು ನೆಮ್ಮದಿಯಿಂದಿರುವವರು ಈ ಹಲ್ಲನ್ನು ನೋಡಿದಾಗ ಚಕಿತರಾಗುವುದುಂಟು.

ಆರೋಗ್ಯವಾದ ವಸಡು ನಸುಗೆಂಪಾಗಿ, ಬಿಗಿಯಾಗಿ ಹಲ್ಲಿಗೆ ಅಂಟಿಕೊಂಡಿರುತ್ತದೆ. ಕೆಲವು ನಾಯಿಗಳ ವಸಡಿನಲ್ಲಿ ಹುಟ್ಟಿನಿಂದಲೇ ಕಪ್ಪು ಮಚ್ಚೆಗಳಿರುತ್ತವೆ, ಅದಕ್ಕೆ ಹೆದರಬೇಕಿಲ್ಲ. ಅಂಚಿನಲ್ಲಿ ಕಡುಗೆಂಪು ಗೆರೆ, ಮುಟ್ಟಿದರೆ ರಕ್ತ, ಅಲ್ಲಾಡುವ ಅಥವಾ ಮುರಿದ ಹಲ್ಲು, ದಪ್ಪವಾಗಿ ಕಟ್ಟಿದ ಟಾರ್ಟರ್ ಇವುಗಳಲ್ಲಿ ಯಾವುದು ಕಂಡರೂ ಬ್ರಷ್ ಹಿಡಿಯುವ ಮೊದಲು ಪಶುವೈದ್ಯರಿಗೆ ತೋರಿಸುವುದು ಒಳ್ಳೆಯದು. ನೋಯುತ್ತಿರುವ ವಸಡನ್ನು ಉಜ್ಜಿದರೆ ನಾಯಿಗೆ ಬ್ರಷ್ ಎಂದರೆ ನೋವು ಎಂಬ ಪಾಠ ಮೊದಲ ದಿನವೇ ಆಗಿಹೋಗುತ್ತದೆ; ಅದನ್ನು ಮರೆಸಲು ತಿಂಗಳುಗಳೇ ಬೇಕಾಗಬಹುದು.

ಏನೇನು ಬೇಕು

ಮೃದುವಾದ ಎಳೆಗಳುಳ್ಳ ಬ್ರಷ್ ಸಾಕು. ದೊಡ್ಡ ನಾಯಿಗೆ ಉದ್ದ ಹಿಡಿಯ ಬ್ರಷ್, ಸಣ್ಣ ತಳಿಗೆ ಅಥವಾ ಮರಿಗೆ ಮಕ್ಕಳ ಮೃದು ಬ್ರಷ್ ಅನುಕೂಲ. ಬೆರಳಿಗೆ ತೊಡಿಸುವ ರಬ್ಬರಿನ ಬ್ರಷ್ ರೂಢಿ ಮಾಡಿಸಲು ಚೆನ್ನ. ಆದರೆ ಅದರ ಎಳೆಗಳು ದಪ್ಪವಾಗಿರುವುದರಿಂದ ವಸಡಿನ ಅಂಚಿನ ಸಂದಿಗೆ ಇಳಿಯುವುದಿಲ್ಲ. ಆದ್ದರಿಂದ ಕೊನೆಗೆ ನಿಜವಾದ ಬ್ರಷ್ಷಿಗೆ ಬರುವುದೇ ಲೇಸು.

ಪೇಸ್ಟ್ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಕೂಡದು. ಮನುಷ್ಯರ ಪೇಸ್ಟನ್ನು ನಾಯಿಗೆ ಎಂದೂ ಬಳಸಬಾರದು. ನಾವು ಪೇಸ್ಟನ್ನು ಉಗುಳುತ್ತೇವೆ, ನಾಯಿ ನುಂಗುತ್ತದೆ. ಕೆಲವು ಪೇಸ್ಟುಗಳಲ್ಲಿ ಸಿಹಿಗಾಗಿ ಸೇರಿಸುವ ಝೈಲಿಟಾಲ್ ನಾಯಿಯ ಹೊಟ್ಟೆ ಸೇರಿದರೆ ಇನ್ಸುಲಿನ್ ಒಮ್ಮೆಲೇ ಸ್ರವಿಸಿ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯುತ್ತದೆ, ಯಕೃತ್ತಿಗೂ ಪೆಟ್ಟಾಗಬಹುದು. ಫ್ಲೋರೈಡ್ ಮತ್ತು ನೊರೆ ಬರಿಸುವ ರಾಸಾಯನಿಕಗಳೂ ದಿನವೂ ನುಂಗುವಂಥವಲ್ಲ. ಅಡುಗೆ ಸೋಡಾದಲ್ಲಿ ಸೋಡಿಯಂ ಹೆಚ್ಚು, ರುಚಿಯೂ ಅಸಹ್ಯ, ಅದೂ ಬೇಡ. ನಾಯಿಗಳಿಗೆಂದೇ ತಯಾರಾದ ಪೇಸ್ಟನ್ನು ನುಂಗಿದರೂ ತೊಂದರೆಯಿಲ್ಲ, ಮಾಂಸದ ರುಚಿ ಇರುವುದರಿಂದ ನಾಯಿ ಅದನ್ನು ಇಷ್ಟಪಡುತ್ತದೆ. ಪೇಸ್ಟ್ ಸಿಗದಿದ್ದರೆ ಬ್ರಷ್ಷನ್ನು ನೀರಿನಲ್ಲಿ ಅದ್ದಿ ಉಜ್ಜಿದರೂ ಆಗುತ್ತದೆ, ಏಕೆಂದರೆ ಪ್ಲಾಕನ್ನು ತೆಗೆಯುವುದು ಮುಖ್ಯವಾಗಿ ಎಳೆಗಳ ಉಜ್ಜುವಿಕೆಯೇ ಹೊರತು ಪೇಸ್ಟಲ್ಲ.

ನಾಯಿಯನ್ನು ಒಪ್ಪಿಸುವುದು

ಹೆಚ್ಚಿನವರು ಸೋಲುವುದು ಈ ಹಂತದಲ್ಲಿ, ಅದೂ ಅವಸರದಿಂದ. ಬ್ರಷ್ ತಂದ ದಿನವೇ ನಾಯಿಯನ್ನು ಅದುಮಿ ಹಿಡಿದು ಎಲ್ಲ ಹಲ್ಲನ್ನೂ ಉಜ್ಜಿದರೆ, ಮರುದಿನ ಬ್ರಷ್ ಕಂಡ ಕೂಡಲೇ ಅದು ಮಂಚದ ಅಡಿಗೆ ಸೇರುತ್ತದೆ. ಒಂದೆರಡು ವಾರ ತಡವಾದರೂ ಚಿಂತೆಯಿಲ್ಲ, ನಾಯಿ ತಾನಾಗಿ ಹತ್ತಿರ ಬರುವಂತೆ ಮಾಡುವುದೇ ಮೊದಲ ಕೆಲಸ.

ನಾಯಿ ಓಡಾಡಿ ದಣಿದು ಶಾಂತವಾಗಿರುವ ಹೊತ್ತನ್ನು ಆರಿಸಿಕೊಳ್ಳಿ, ಮತ್ತು ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕುಳಿತುಕೊಳ್ಳಿ. ಅದರ ಎದುರಿಗೆ ನಿಂತು ಮೇಲಿಂದ ಬಾಗಿದರೆ ಅದಕ್ಕೆ ಭಯವಾಗುತ್ತದೆ. ಪಕ್ಕದಲ್ಲಿ ಕುಳಿತು, ಅದರ ಮುಖ ನೀವು ನೋಡುತ್ತಿರುವ ಕಡೆಗೇ ಇರುವಂತೆ ಮಾಡಿಕೊಳ್ಳುವುದು ಉತ್ತಮ. ಮೊದಲ ಕೆಲವು ದಿನ ಕೆನ್ನೆಯನ್ನು ಸವರುವುದು, ತುಟಿಯನ್ನು ಕ್ಷಣಕಾಲ ಎತ್ತಿ ಬಿಡುವುದು, ಒಡನೆಯೇ ಹೊಗಳಿ ಅದಕ್ಕಿಷ್ಟವಾದ ತಿನಿಸನ್ನು ಚೂರು ಕೊಡುವುದು, ಇಷ್ಟೇ ಸಾಕು. ಆಮೇಲೆ ಬೆರಳ ತುದಿಗೆ ಪೇಸ್ಟ್ ಹಚ್ಚಿ ನೆಕ್ಕಲು ಬಿಡಿ. ಅದು ರುಚಿಗಾಗಿ ಕಾಯತೊಡಗಿದಾಗ ಅದೇ ಬೆರಳನ್ನು ತುಟಿಯ ಕೆಳಗೆ ತೂರಿಸಿ, ಕೋರೆಹಲ್ಲಿನ ಮೇಲೂ ವಸಡಿನ ಮೇಲೂ ಮೆಲ್ಲಗೆ ಸವರಿ. ಇದನ್ನು ಅದು ತಲೆ ಕೊಡವದೆ ಸಹಿಸಿಕೊಂಡ ಮೇಲೆ ಬೆರಳಿಗೆ ತೆಳುವಾದ ಒದ್ದೆ ಬಟ್ಟೆ ಸುತ್ತಿಕೊಂಡು ಹಿಂದಿನ ಹಲ್ಲುಗಳವರೆಗೂ ಹೋಗಬಹುದು. ಕೊನೆಗೆ ಬ್ರಷ್ ಬರುತ್ತದೆ. ಅದನ್ನೂ ಮೊದಲು ನೆಕ್ಕಲು ಕೊಟ್ಟು, ಆ ದಿನ ಎರಡು ಮೂರು ಹಲ್ಲುಗಳನ್ನಷ್ಟೇ ಉಜ್ಜಿ ನಿಲ್ಲಿಸಿ.

ನಾಯಿ ಮುಖ ತಿರುಗಿಸುವುದು, ಮತ್ತೆ ಮತ್ತೆ ತುಟಿ ನೆಕ್ಕುವುದು, ಕಿವಿ ಹಿಂದಕ್ಕೆ ಒತ್ತಿಕೊಳ್ಳುವುದು ಇವೆಲ್ಲ ಸಾಕೆಂದು ಅದು ಹೇಳುವ ರೀತಿಗಳು. ಅಲ್ಲಿಗೆ ನಿಲ್ಲಿಸಿ, ಮರುದಿನ ಒಂದು ಹೆಜ್ಜೆ ಹಿಂದಿನಿಂದ ಆರಂಭಿಸಬೇಕು. ಗುರುಗುಟ್ಟಿದರೆ ಗದರಿಸದೆ ದೂರ ಸರಿಯಬೇಕು; ಬಾಯಿ ಮುಟ್ಟಿದರೆ ಕಚ್ಚಲು ಬರುವ ನಾಯಿಯ ವಿಷಯದಲ್ಲಿ ಮನೆಯ ಪ್ರಯತ್ನವನ್ನು ಬಿಟ್ಟು ಪಶುವೈದ್ಯರನ್ನು ಕೇಳಬೇಕು, ಅದಕ್ಕೆ ಬಾಯೊಳಗೆ ಎಲ್ಲೋ ನೋವಿರುವ ಸಾಧ್ಯತೆಯೇ ಹೆಚ್ಚು.

ಮರಿಗಳಿಗೆ ಇದನ್ನು ಎಂಟು ವಾರದ ವಯಸ್ಸಿನಿಂದಲೇ ರೂಢಿಸಬಹುದು. ಅವುಗಳ 28 ಹಾಲುಹಲ್ಲುಗಳು ಬಿದ್ದು ಹೊಸ ಹಲ್ಲು ಬರುವ ಕಾಲದಲ್ಲಿ, ಅಂದರೆ ಸುಮಾರು ನಾಲ್ಕರಿಂದ ಆರು ಏಳು ತಿಂಗಳ ನಡುವೆ, ವಸಡು ನೋಯುವುದರಿಂದ ಬೆರಳಿನಿಂದ ಸವರುವುದಕ್ಕಷ್ಟೇ ಸೀಮಿತವಾಗಿರಿ. ಹೊಸ ಕೋರೆಹಲ್ಲಿನ ಪಕ್ಕದಲ್ಲೇ ಹಳೆಯ ಹಾಲುಹಲ್ಲು ಬೀಳದೆ ಉಳಿದಿದ್ದರೆ, ಎರಡರ ನಡುವೆ ಕೊಳೆ ಸೇರುತ್ತದೆ, ಹೊಸ ಹಲ್ಲೂ ಸೊಟ್ಟಗಾಗುತ್ತದೆ. ಸಣ್ಣ ತಳಿಗಳಲ್ಲಿ ಇದು ಹೆಚ್ಚು, ವೈದ್ಯರಿಂದ ತೆಗೆಸಬೇಕಾಗುತ್ತದೆ.

ಉಜ್ಜುವ ಕ್ರಮ

ಒಂದು ಕೈಯಿಂದ ಮೇಲ್ದುಟಿಯನ್ನು ಎತ್ತಿ ಹಿಡಿದು, ಬ್ರಷ್ಷಿನ ಎಳೆಗಳು ಹಲ್ಲಿಗೆ ಸುಮಾರು 45 ಡಿಗ್ರಿ ಓರೆಯಾಗಿ ವಸಡಿನ ಅಂಚಿನ ಕಡೆಗೆ ಇರುವಂತೆ ಇಡಿ. ಎಳೆಗಳ ತುದಿ ಅರ್ಧ ಹಲ್ಲಿನ ಮೇಲೂ ಅರ್ಧ ವಸಡಿನ ಮೇಲೂ ಇರಬೇಕು. ಒತ್ತದೆ, ಸಣ್ಣ ಸಣ್ಣ ವೃತ್ತಗಳಲ್ಲಿ ಉಜ್ಜುತ್ತಾ, ಮೇಲಿನ ಸಾಲಿನ ಹಿಂದಿನ ದೊಡ್ಡ ಹಲ್ಲಿನಿಂದ ಮುಂದಕ್ಕೆ ಬನ್ನಿ. ಹಿಂದಿನಿಂದ ಆರಂಭಿಸಬೇಕೆನ್ನುವುದಕ್ಕೆ ಕಾರಣವಿದೆ: ನಾಯಿಯ ತಾಳ್ಮೆ ಅರ್ಧಕ್ಕೇ ಮುಗಿದರೂ ಅಗತ್ಯವಾದ ಕೆಲಸ ಆಗಿರುತ್ತದೆ. ಆ ಬಳಿಕ ಕೋರೆಹಲ್ಲು, ಬಾಚಿಹಲ್ಲು, ಇನ್ನೊಂದು ಬದಿ, ಕೊನೆಗೆ ಕೆಳಗಿನ ಸಾಲು. ಪ್ರತಿ ಬದಿಗೆ ಸುಮಾರು ಅರ್ಧ ನಿಮಿಷ ಸಾಕು.

ಹಲ್ಲುಗಳ ಒಳಮೈಯನ್ನು ಉಜ್ಜಲೇಬೇಕೆಂದು ಹಟ ಬೇಡ. ನಾಯಿಯ ನಾಲಿಗೆ ಸದಾ ಆಡುತ್ತಿರುವುದರಿಂದ ಆ ಬದಿಯಲ್ಲಿ ಕೊಳೆ ಕಡಿಮೆ ನಿಲ್ಲುತ್ತದೆ. ಬಾಯಿ ಅಗಲಿಸಲು ಮಾಡುವ ಬಲವಂತದಿಂದ ಆಗುವ ನಷ್ಟವೇ ದೊಡ್ಡದು. ಉಜ್ಜಿದ ಮೇಲೆ ಬಾಯಿ ತೊಳೆಸುವ ಅಗತ್ಯವೂ ಇಲ್ಲ. ಬ್ರಷ್ಷನ್ನು ತೊಳೆದು ಒಣಗಿಸಿ, ಪ್ರತಿ ನಾಯಿಗೂ ಬೇರೆ ಬೇರೆ ಇಟ್ಟು, ಎಳೆಗಳು ಕೆದರಿದಾಗ ಬದಲಿಸಿ.

ದಿನಕ್ಕೊಮ್ಮೆ ಉಜ್ಜುವುದೇ ಸರಿಯಾದ ಕ್ರಮ. ವಾರಕ್ಕೆ ಮೂರು ಸಲ ಉಜ್ಜಿದರೂ ಒಂದಿಷ್ಟು ಪ್ರಯೋಜನವಿದೆ; ವಾರಕ್ಕೊಮ್ಮೆ ಉಜ್ಜಿದರೆ ಅಷ್ಟರಲ್ಲಿ ಪ್ಲಾಕ್ ಗಟ್ಟಿಯಾಗಿರುವುದರಿಂದ ಶ್ರಮ ಬಹುತೇಕ ವ್ಯರ್ಥ. ಒಂದು ದಿನ ಅತಿ ಚೆನ್ನಾಗಿ ಉಜ್ಜುವುದಕ್ಕಿಂತ ಪ್ರತಿದಿನ ಸಾಧಾರಣವಾಗಿ ಉಜ್ಜುವುದು ಮೇಲು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಮೊದಲ ವಾರದಲ್ಲಿ ಬ್ರಷ್ಷಿಗೆ ಸ್ವಲ್ಪ ರಕ್ತ ತಾಗಿದರೆ ಅದು ಸೌಮ್ಯವಾದ ಉರಿಯೂತದಿಂದ ಇರಬಹುದು, ದಿನವೂ ಉಜ್ಜುತ್ತಿದ್ದರೆ ಕಡಿಮೆಯಾಗುತ್ತದೆ; ಎರಡು ವಾರವಾದರೂ ನಿಲ್ಲದಿದ್ದರೆ ತೋರಿಸಬೇಕು.

ಅಗಿಯುವ ವಸ್ತುಗಳು

ಗಟ್ಟಿಯಾದುದನ್ನು ಅಗಿದರೆ ಹಲ್ಲು ತಾನಾಗಿ ಶುಚಿಯಾಗುತ್ತದೆ ಎಂಬ ನಂಬಿಕೆಯಿಂದ ಎಲುಬು, ಕೊಂಬು, ಗೊರಸು ಕೊಡುವವರಿದ್ದಾರೆ. ನಾಯಿಯ ಹಲ್ಲಿನ ಹೊರಪದರದ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಅತಿ ಗಟ್ಟಿಯಾದ ವಸ್ತುವನ್ನು ಕಚ್ಚಿದಾಗ ಮೇಲಿನ ಸಾಲಿನ ಅದೇ ದೊಡ್ಡ ಹಲ್ಲು ಪಕ್ಕದಿಂದ ಚಕ್ಕೆಯಾಗಿ ಸೀಳಿ, ಒಳಗಿನ ನರ ಹೊರಕ್ಕೆ ತೆರೆದುಕೊಳ್ಳುತ್ತದೆ. ಕೊಡುವ ಮುನ್ನ ಉಗುರಿನಿಂದ ಒತ್ತಿ ನೋಡಿ. ಉಗುರಿನ ಗುರುತು ಬೀಳದಷ್ಟು ಗಟ್ಟಿಯಾಗಿದ್ದರೆ ಅದು ನಾಯಿಯ ಹಲ್ಲಿಗೂ ಹೆಚ್ಚೇ. ಬೇಯಿಸಿದ ಎಲುಬು ಚೂಪಾಗಿ ಒಡೆದು ಗಂಟಲಿಗೂ ಕರುಳಿಗೂ ಚುಚ್ಚುವ ಅಪಾಯ ಬೇರೆ ಇದೆ. ಟೆನಿಸ್ ಚೆಂಡನ್ನು ಗಂಟೆಗಟ್ಟಲೆ ಅಗಿಯುವ ನಾಯಿಗಳಲ್ಲಿ ಅದರ ಒರಟು ನೂಲಿಗೆ ಹಲ್ಲಿನ ತುದಿ ಸವೆದುಹೋಗುತ್ತದೆ. ಸಾಮಾನ್ಯ ಒಣ ಆಹಾರವೂ ಹಲ್ಲನ್ನು ಶುಚಿ ಮಾಡುವುದಿಲ್ಲ, ಕಚ್ಚಿದೊಡನೆ ಪುಡಿಯಾಗಿ ವಸಡಿನ ಅಂಚನ್ನು ತಲುಪುವುದೇ ಇಲ್ಲ.

ಹಲ್ಲಿಗಾಗಿಯೇ ರೂಪಿಸಿದ ಆಹಾರ ಮತ್ತು ಅಗಿಯುವ ತಿನಿಸುಗಳಿಂದ ಪ್ಲಾಕ್ ಒಂದಿಷ್ಟು ಕಡಿಮೆಯಾಗುವುದು ನಿಜ. ಕೊಳ್ಳುವಾಗ ಪೊಟ್ಟಣದ ಮೇಲೆ ವೆಟರ್ನರಿ ಓರಲ್ ಹೆಲ್ತ್ ಕೌನ್ಸಿಲ್‌ನ ಮುದ್ರೆ ಇದೆಯೇ ಎಂದು ನೋಡಬಹುದು. ಪ್ಲಾಕ್ ಅಥವಾ ಟಾರ್ಟರ್ ತಗ್ಗಿಸುವುದನ್ನು ಪರೀಕ್ಷೆಗಳಿಂದ ತೋರಿಸಿದ ಉತ್ಪನ್ನಗಳಿಗಷ್ಟೇ ಆ ಮುದ್ರೆ ಸಿಗುತ್ತದೆ. ಇವು ಬ್ರಷ್ಷಿಗೆ ಜೊತೆಯಾಗಬಹುದೇ ಹೊರತು ಬದಲಿಯಾಗಲಾರವು.

ವೈದ್ಯರಿಗೆ ಬಿಡಬೇಕಾದ ಕೆಲಸ

ಕಟ್ಟಿದ ಟಾರ್ಟರನ್ನು ಉಗುರಿನಿಂದಲೋ ಚೂಪು ಉಪಕರಣದಿಂದಲೋ ಮನೆಯಲ್ಲಿ ಕೆರೆದು ತೆಗೆಯಬಾರದು. ಕೆರೆದ ಗೀರುಗಳಲ್ಲಿ ಪ್ಲಾಕ್ ಇನ್ನಷ್ಟು ಭದ್ರವಾಗಿ ಅಂಟುತ್ತದೆ, ವಸಡಿಗೆ ಗಾಯವಾಗುತ್ತದೆ, ಕೆಳಗಿರುವ ರೋಗ ಹಾಗೆಯೇ ಉಳಿಯುತ್ತದೆ. ಅರಿವಳಿಕೆ ಕೊಡದೆ ಹಲ್ಲು ಶುಚಿ ಮಾಡುವ ಸೇವೆಗಳದ್ದೂ ಇದೇ ದೋಷ: ಹಲ್ಲು ಹೊಳೆಯುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ, ಎಲುಬಿನ ಸವೆತ ಒಳಗೇ ಮುಂದುವರಿಯುತ್ತದೆ. ಅರಿವಳಿಕೆ ಕೊಟ್ಟಾಗ ಮಾತ್ರ ವೈದ್ಯರು ಎಕ್ಸ್-ರೇ ತೆಗೆದು, ಪ್ರತಿ ಹಲ್ಲಿನ ಸುತ್ತಲಿನ ಸಂದಿನ ಆಳವನ್ನು ಅಳೆದು, ವಸಡಿನ ಕೆಳಗೂ ಶುಚಿ ಮಾಡಿ, ಗೀರುಗಳು ಉಳಿಯದಂತೆ ಪಾಲಿಷ್ ಮಾಡಲು ಸಾಧ್ಯ.

ವರ್ಷಕ್ಕೊಮ್ಮೆ ಬಾಯಿ ತೋರಿಸುವುದು ರೂಢಿಯಾಗಲಿ; ಹಲ್ಲುಗಳು ಇಕ್ಕಟ್ಟಾಗಿರುವ ಸಣ್ಣ ತಳಿಗಳಿಗೂ ಚಪ್ಪಟೆ ಮೂತಿಯ ತಳಿಗಳಿಗೂ ಇನ್ನೂ ಬೇಗ ಬೇಕಾಗಬಹುದು. ಒಂದೇ ಬದಿಯಲ್ಲಿ ಅಗಿಯುವುದು, ತುತ್ತನ್ನು ಬಾಯಿಂದ ಬೀಳಿಸುವುದು, ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುವುದು, ಜೊಲ್ಲಿನಲ್ಲಿ ರಕ್ತ, ಕಣ್ಣಿನ ಕೆಳಗೆ ಊತ ಕಂಡರೆ ಮಾತ್ರ ಕಾಯಬೇಡಿ. ಕಣ್ಣಿನ ಕೆಳಗಿನ ಊತಕ್ಕೆ ಎಷ್ಟೋ ಸಲ ಮೇಲಿನ ದೊಡ್ಡ ಹಲ್ಲಿನ ಬೇರಿನಲ್ಲಿ ತುಂಬಿದ ಕೀವೇ ಕಾರಣ. ಹಲ್ಲು ನೋಯುತ್ತಿದ್ದರೂ ನಾಯಿ ಊಟ ಬಿಡುವುದು ಅಪರೂಪ, ಆದ್ದರಿಂದ ಚೆನ್ನಾಗಿ ತಿನ್ನುತ್ತಿದೆ ಎಂಬುದನ್ನು ಆರೋಗ್ಯದ ಗುರುತೆಂದು ತೆಗೆದುಕೊಳ್ಳಬಾರದು.

ವೈದ್ಯರು ಶುಚಿ ಮಾಡಿದ ಹಲ್ಲಿನ ಮೇಲೂ ಅದೇ ದಿನದಿಂದ ಪ್ಲಾಕ್ ಕಟ್ಟತೊಡಗುತ್ತದೆ. ಹಲ್ಲು ಕಿತ್ತಿದ್ದರೆ ಅಥವಾ ಹೊಲಿಗೆ ಹಾಕಿದ್ದರೆ ಎಷ್ಟು ದಿನ ಬ್ರಷ್ ತಾಗಿಸಬಾರದೆಂದು ಮನೆಗೆ ಹೊರಡುವ ಮೊದಲೇ ಕೇಳಿಕೊಂಡು, ಆ ಅವಧಿ ಮುಗಿದ ಮರುದಿನದಿಂದಲೇ ಮತ್ತೆ ಉಜ್ಜಲು ಆರಂಭಿಸಿ.